“ತಾಳ್ಮೆ ಇರಲಿ” ಅನ್ನುವವರಿಗೆ ಏನು ಹೇಳಲಿ?

ಬೈತಕೋಲದವಳು, ಕಾರವಾರ
ಜೂನ್ 24, ರಾತ್ರಿ 11:50

ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆದದ್ದು ಕಡಿಮೆ. ಮನೆಯಲ್ಲಿ ಕೊಂಕಣಿ, ಶಾಲೆ ಕಲಿತದ್ದು ಕನ್ನಡದಲ್ಲಿ. ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ನಮ್ಮವರು ಟ್ರಾಲರ್ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ಕಳೆದ ವರ್ಷ ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ಬಂದ್ ಮುಗಿಯಿತು. 61 ದಿನ ಮನೆಯಲ್ಲೇ ಕೂತು ಬೇಸತ್ತಿದ್ದರು. ಎರಡು ದಿನ ಕಡಲಿಗೆ ಹೋಗಿ ಬಂದರು, ಅಷ್ಟೇ. ಆಗಸ್ಟ್ 3ರ ರಾತ್ರಿ ಎದೆನೋವು. ಇಲ್ಲಿ ಆಗುವುದಿಲ್ಲ, ಮುಂದೆ ಕರೆದುಕೊಂಡು ಹೋಗಿ ಅಂದರು. ನಮ್ಮ ಜಿಲ್ಲೆಯವರಿಗೆ ಈ ಮಾತು ಹೊಸದಲ್ಲ. ಒಂದೋ ಗೋವಾ, ಇಲ್ಲ ಹುಬ್ಬಳ್ಳಿ, ಇಲ್ಲ ಮಣಿಪಾಲ, ಮಂಗಳೂರು. ಆಂಬುಲೆನ್ಸ್ ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟುವಾಗ ನನ್ನ ಕೈ ಹಿಡಿದಿದ್ದ ಕೈ ಸಡಿಲವಾಯಿತು. 46 ವರ್ಷ.

ಅವರ ಫೋನು ನನ್ನ ಹತ್ತಿರ ಇದೆ. ಅದರಲ್ಲಿ ಮೂರೂಕಾಲಿಗೆ ಅಲಾರಾಂ. ಬೋಟಿಗೆ ಹೋಗಲು ಇಟ್ಟದ್ದು. ಈಗಲೂ ದಿನಾ ಹೊಡೆಯುತ್ತದೆ. ತೆಗೆಯಲು ಬರುವುದಿಲ್ಲ ಅಂತಲ್ಲ. ಹೊಡೆದ ಮೇಲೆ ಪಕ್ಕಕ್ಕೆ ನೋಡುತ್ತೇನೆ, ಆಮೇಲೆ ನೆನಪಾಗುತ್ತದೆ. ಮತ್ತೆ ನಿದ್ದೆ ಇಲ್ಲ.

ಚರ್ಚಿಗೆ ಹೋದರೆ ಎಲ್ಲರದ್ದೂ ಒಂದೇ ಮಾತು. ದೇವರ ಚಿತ್ತ. ತಾಳ್ಮೆ ಇರಲಿ. ತಾಳಿದವನು ಬಾಳಿಯಾನು. ಹೇಳುವವರು ಒಳ್ಳೆಯವರೇ. ಆದರೆ ಆ ಮಾತು ನನಗೆ “ಸಾಕು, ಅಳಬೇಡ” ಅಂದ ಹಾಗೆ ಕೇಳಿಸುತ್ತದೆ. ನಂಬಿಕೆ ಹೋಗಿಲ್ಲ. ಸಿಟ್ಟಿದೆ. ಸಂಜೆ ತೇರ್ಸಿಗೆ (ಜಪಮಾಲೆ ಪ್ರಾರ್ಥನೆಗೆ) ಕೂತರೆ ಅರ್ಧಕ್ಕೆ ಬಾಯಿ ಕಟ್ಟುತ್ತದೆ. ಮಗ ಎಂಟನೇ ಕ್ಲಾಸು. ಮೊನ್ನೆ ಕೇಳಿದ, “ಅಮ್ಮಾ, ನೀನು ಪ್ರಾರ್ಥನೆ ಬಿಟ್ಟೆಯಾ?” ಅಂತ. ಉತ್ತರ ಬರಲಿಲ್ಲ.

ಸಿಟ್ಟಿದ್ದವಳಿಗೆ ಭರವಸೆ ಇರಬಹುದಾ? ಇದೊಂದೇ ನನ್ನ ಪ್ರಶ್ನೆ.


ಜಯವಿದೆ
ಜೂನ್ 25, ಬೆಳಿಗ್ಗೆ 6:10

ಸಹೋದರಿ, ದುಃಖಿಸಬೇಡಿ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ. ರೋಮ 8:28 ಓದಿ. ನಿಮ್ಮ ಯಜಮಾನರು ಇದಕ್ಕಿಂತ ಒಳ್ಳೆಯ ಜಾಗದಲ್ಲಿದ್ದಾರೆ. ಸಿಟ್ಟು ಸೈತಾನನಿಂದ ಬರುವುದು. ಸ್ತೋತ್ರ ಮಾಡಿ, ಎಲ್ಲ ಸರಿಯಾಗುತ್ತದೆ.


ಬೈತಕೋಲದವಳು
ಜೂನ್ 25, ಬೆಳಿಗ್ಗೆ 9:32

ಅಣ್ಣಾ, ಇದನ್ನೇ ನಾನು ಮೇಲೆ ಬರೆದದ್ದು. ಓದಿದಿರಾ?


ನಿವೃತ್ತ ಮಾಸ್ತರ, ಹೊನ್ನಾವರ
ಜೂನ್ 25, ರಾತ್ರಿ 9:15

ತಂಗೀ, ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ಇರಬಹುದು. ಬೈಬಲಿನಲ್ಲಿ ಸಿಟ್ಟು ಮಾಡಿಕೊಂಡು ಮಾತಾಡಿದವರೇ ಜಾಸ್ತಿ.

ಕಾರಣ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ನಾನು ಮಾಸ್ತರ, ಏನು ಮಾಡುವುದು.

ತಾಳ್ಮೆ ಅಂದರೆ ಎಲ್ಲರೂ ಬೈಬಲಿನ ಯೋಬನ ಹೆಸರು ಹೇಳುತ್ತಾರೆ, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು. ಯಾಕೋಬನ ಪತ್ರದ ಐದನೇ ಅಧ್ಯಾಯದಲ್ಲೂ ಅವನ ತಾಳ್ಮೆಯ ಮಾತಿದೆ. ಆದರೆ ಯೋಬನ ಪುಸ್ತಕ ಪೂರ್ತಿ ಓದಿದವರು ಎಷ್ಟು ಜನ? ಒಟ್ಟು 42 ಅಧ್ಯಾಯ. ಜನರಿಗೆ ಮೊದಲ ಎರಡು ನೆನಪಿರುತ್ತವೆ, ಕೊನೆಯದು ನೆನಪಿರುತ್ತದೆ. ಮೂರನೇ ಅಧ್ಯಾಯ ಶುರುವಾಗುವುದೇ ಅವನು ತಾನು ಹುಟ್ಟಿದ ದಿನವನ್ನು ಶಪಿಸುವುದರಿಂದ. ಅಲ್ಲಿಂದ ಮುಂದೆ ದೇವರೊಡನೆ ಜಗಳ. ನನ್ನ ತಪ್ಪೇನು ತೋರಿಸು, ಎದುರಿಗೆ ಬಾ, ಉತ್ತರ ಕೊಡು ಅಂತ. ಗೆಳೆಯರು ಬಂದು ದೇವರ ಪರವಾಗಿ ಸೊಗಸಾಗಿ ವಾದ ಮಾಡುತ್ತಾರೆ. ಅವರ ಮಾತುಗಳನ್ನು ಇವತ್ತು ಯಾವ ಸಾವಿನ ಮನೆಯಲ್ಲಾದರೂ ಕೇಳಬಹುದು. ಕೊನೆಗೆ ದೇವರು ಯಾರ ಮೇಲೆ ಸಿಟ್ಟಾದ? ಗೆಳೆಯರ ಮೇಲೆ. ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಅಂತ. 42ನೇ ಅಧ್ಯಾಯ, ಏಳನೇ ವಚನ. ಅಂದರೆ ಅಷ್ಟು ಜಗಳ ಆಡಿದವನನ್ನೇ ತಾಳ್ಮೆಗೆ ಉದಾಹರಣೆ ಮಾಡಿದ್ದಾರೆ. ಜಗಳವೂ ಆ ಲೆಕ್ಕದಲ್ಲೇ ಬಂತು.

ಗೆಳೆಯರು ಒಂದು ಕೆಲಸ ಮಾತ್ರ ಸರಿ ಮಾಡಿದ್ದರು. ಬಂದ ಹೊಸತರಲ್ಲಿ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದ ಮೇಲೆ ಕೆಟ್ಟರು.

ಬೈಬಲಿನ ಕೀರ್ತನೆಗಳೂ ಹಾಗೆಯೇ. 150ರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗೋಳು, ದೂರು, ಮೊರೆ. ಹದಿಮೂರನೆಯದು “ಎಷ್ಟರವರೆಗೆ” ಅಂತಲೇ ಶುರುವಾಗುತ್ತದೆ. ಅಳುತ್ತಾ ಶುರುವಾದ ಕೀರ್ತನೆಗಳು ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ತಿರುಗಿ ಸ್ತುತಿಗೆ ಬರುತ್ತವೆ. 88 ಮಾತ್ರ ತಿರುಗುವುದೇ ಇಲ್ಲ. ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತು ಹಾಕಲಿಲ್ಲ. ಸಾವಿರಾರು ವರ್ಷದಿಂದ ಅದೂ ಪ್ರಾರ್ಥನೆಯೇ. ನಿಮ್ಮ ಬಾಯಿ ಕಟ್ಟಿದ ತೇರ್ಸೂ ಪ್ರಾರ್ಥನೆಯೇ ಅಂತ ಮಗನಿಗೆ ಹೇಳಿ.

ಇನ್ನು “ತಾಳು” ಅನ್ನುವ ಮಾತು. ಹೊಸ ಒಡಂಬಡಿಕೆಯಲ್ಲಿ ನಾವು ಸಹನೆ, ತಾಳ್ಮೆ ಅನ್ನುವ ಕಡೆ ಗ್ರೀಕಿನಲ್ಲಿ ಹೆಚ್ಚಾಗಿ ಇರುವ ಶಬ್ದ ಹುಪೊಮೊನೆ. ಬಿಡಿಸಿದರೆ ಕೆಳಗೆ ನಿಂತಿರುವುದು. ಭಾರ ಹೊತ್ತೂ ಜಾಗ ಬಿಟ್ಟು ಓಡದೆ ಇರುವುದು. ಭಾರ ಹೊತ್ತವನು ಉಸ್ ಅನ್ನಬಾರದು ಅಂತ ಆ ಶಬ್ದದಲ್ಲಿ ಎಲ್ಲೂ ಇಲ್ಲ.

ನನಗೆ ಗ್ರೀಕಿಗಿಂತ ನಮ್ಮ ಕನ್ನಡದ “ತಾಳು” ಇಷ್ಟ. ಮಗು ಅಂಗಳದಲ್ಲಿ ಬಿದ್ದು ಕೂಗುತ್ತದೆ. ಒಳಗೆ ಒಲೆ ಮುಂದಿದ್ದ ಅಮ್ಮ ಏನು ಹೇಳುತ್ತಾಳೆ? “ತಾಳು, ಬಂದೆ.” ಅವಳಿನ್ನೂ ಬಂದಿಲ್ಲ. ಕೈಯಲ್ಲಿ ಸೌಟು ಇದೆ. ಆದರೂ “ಬರುತ್ತೇನೆ” ಅನ್ನುವುದಿಲ್ಲ, “ಬಂದೆ” ಅನ್ನುತ್ತಾಳೆ. ಮುಂದೆ ಆಗುವುದನ್ನು ಆಗಿಯೇ ಹೋಯಿತು ಅನ್ನುವ ಹಾಗೆ ಹೇಳುವುದು ನಮಗೆ ಎಷ್ಟು ಸಲೀಸು ನೋಡಿ. ಕ್ರೈಸ್ತ ಭರವಸೆಯನ್ನು ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ವ್ಯಾಕರಣ ಸಿಕ್ಕಿಲ್ಲ. ನಿಮ್ಮ ಊರಿನವರು “ತಾಳು” ಅನ್ನುತ್ತಾರೆ, “ಬಂದೆ” ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಅದಕ್ಕೇ ಅದು ಗದರಿದ ಹಾಗೆ ಕೇಳಿಸುವುದು.


ಬೈತಕೋಲದವಳು
ಜೂನ್ 25, ರಾತ್ರಿ 11:58

ಸರ್, ಎರಡು ಸಲ ಓದಿದೆ.

ಆದರೆ ಅಮ್ಮ ಬರುವುದು ತಡವಾದರೆ ಮಗು ಅಳುತ್ತದಲ್ಲ?


ನಿವೃತ್ತ ಮಾಸ್ತರ, ಹೊನ್ನಾವರ
ಜೂನ್ 26, ಬೆಳಿಗ್ಗೆ 5:40

ಅಳಲಿ. ಜೋರಾಗಿಯೇ ಅಳಲಿ. ಯಾರೂ ಬರುವುದಿಲ್ಲ ಅಂತ ಖಾತ್ರಿಯಾದ ಮಗು ಅಳುವುದನ್ನೇ ನಿಲ್ಲಿಸಿಬಿಡುತ್ತದೆ.


ನರ್ಸ್, ಮಡಗಾಂವ್
ಜೂನ್ 26, ಮಧ್ಯಾಹ್ನ 2:20

ನಾನು ಮೂಲತಃ ಮಾಜಾಳಿಯವಳು, ಈಗ ಗೋವಾದಲ್ಲಿ ಕೆಲಸ. ಮಾಸ್ತರರ ಮಾತು ಚೆನ್ನಾಗಿದೆ. ನಾನು ಬೇರೆ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ.

ಅಕ್ಕಾ, ಹತ್ತು ತಿಂಗಳಿಂದ ಮೂರೂಕಾಲಿಗೆ ಎದ್ದು ಮತ್ತೆ ನಿದ್ದೆ ಇಲ್ಲ ಅಂದಿರಿ. ಸಿಟ್ಟಿನಲ್ಲಿ ಅರ್ಧ ಪಾಲು ನಿದ್ದೆಗೆಟ್ಟದ್ದೇ ಇರುತ್ತದೆ. ಊಟ ಸೇರುತ್ತದಾ? ಬಿಪಿ, ಶುಗರ್ ನೋಡಿಸಿದ್ದೀರಾ? ಗಂಡ ಹೋದ ಮೇಲೆ ಹೆಂಗಸರು ತಮ್ಮ ಮಾತ್ರೆ ಮರೆಯುವುದನ್ನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ದುಃಖ ಕಾಯಿಲೆ ಅಲ್ಲ. ಆದರೆ ಏಳಲಿಕ್ಕೇ ಆಗುತ್ತಿಲ್ಲ, ಮಗನ ಕಡೆಗೂ ಗಮನ ಇಲ್ಲ, ಬದುಕಿ ಏನು ಅನ್ನುವ ಯೋಚನೆ ಬರುತ್ತಿದೆ ಅಂತಾದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಸರಕಾರದ ಟೆಲಿ ಮಾನಸ್ ಅಂತ ಇದೆ, 14416. ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೂರೂಕಾಲಿಗೂ ಫೋನ್ ಮಾಡಬಹುದು. ಹಾಗೆ ಕೇಳುವುದು ನಂಬಿಕೆ ಕಡಿಮೆ ಆದದ್ದಲ್ಲ. ಕಾಲು ಮುರಿದರೆ ಬರೀ ಪ್ರಾರ್ಥನೆ ಮಾಡಿ ಕೂರುತ್ತೇವಾ?

ಅಲಾರಾಂ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ನಿಮಗೆ ಯಾವತ್ತು ಬೇಕೋ ಅವತ್ತು.


ಬೈತಕೋಲದವಳು
ಜೂನ್ 26, ರಾತ್ರಿ 10:05

ಬಿಪಿ ಮಾತ್ರೆ ಮಾರ್ಚಿನಿಂದ ಬಿಟ್ಟಿದ್ದೆ. ಹೇಗೆ ಗೊತ್ತಾಯಿತು ನಿಮಗೆ? ನಾಳೆ ಹೋಗುತ್ತೇನೆ.

ಏಳು ದಿನ ಮಾತಾಡದೆ ಕೂತವರ ಕಥೆ ಓದಿ ಒಂದು ನೆನಪಾಯಿತು. ನವೆಂಬರ್ 2, ಸತ್ತವರ ಹಬ್ಬಕ್ಕೆ ಸಿಮಿತ್ರಿಗೆ, ಅಂದರೆ ನಮ್ಮ ಸ್ಮಶಾನಕ್ಕೆ, ಹೋಗಿದ್ದೆ. ಮೊದಲ ವರ್ಷ ಅಲ್ವಾ, ಹೂವಿನಲ್ಲಿ ಶಿಲುಬೆ ಮಾಡಿಸಿದ್ದೆ. ಕಡಲ ಗಾಳಿಗೆ ಮೇಣದಬತ್ತಿ ನಿಲ್ಲುತ್ತಲೇ ಇಲ್ಲ. ಹಚ್ಚಿದೆ, ಆರಿತು. ಹಚ್ಚಿದೆ, ಆರಿತು. ಬೆಂಕಿಪೆಟ್ಟಿಗೆ ಅರ್ಧ ಖಾಲಿ. ಅಕ್ಕಪಕ್ಕದ ಸಮಾಧಿಗಳಲ್ಲಿ ಎಲ್ಲ ಉರಿಯುತ್ತಿದೆ, ನಮ್ಮವರದ್ದು ಮಾತ್ರ ಇಲ್ಲ. ಅಲ್ಲೇ ಕೂತು ಅತ್ತೆ. ಆಗ ಒಬ್ಬರು ಮುದುಕಿ ಬಂದರು, ನನಗೆ ಅವರ ಪರಿಚಯ ಇಲ್ಲ. ಚೀಲದಿಂದ ಒಂದು ತೆಂಗಿನ ಕರಟ ತೆಗೆದರು. ಗಾಳಿ ಬರುವ ಕಡೆಗೆ ಮಣ್ಣಲ್ಲಿ ಊರಿ ನಿಲ್ಲಿಸಿದರು. ಬತ್ತಿಯನ್ನು ಅದರ ಮರೆಗೆ ಇಟ್ಟು ತಾವೇ ಹಚ್ಚಿದರು. ಉರಿಯಿತು. ಏನೂ ಹೇಳದೆ ಮುಂದಿನ ಸಮಾಧಿಗೆ ಹೋದರು. ಅವರ ಚೀಲದಲ್ಲಿ ಇನ್ನೂ ಐದಾರು ಕರಟ ಇದ್ದವು.

ಹತ್ತು ತಿಂಗಳಲ್ಲಿ ನನಗೆ ಸಮಾಧಾನ ಹೇಳದೆ ಹೋದವರು ಅವರೊಬ್ಬರೇ. ನೆನಪಿರುವುದೂ ಅವರೊಬ್ಬರೇ.


ಗಂಗಾವಳಿ ದಡ, ಅಂಕೋಲಾ
ಜೂನ್ 27, ರಾತ್ರಿ 8:44

ನಾನು ನಿಮ್ಮ ಧರ್ಮದವನಲ್ಲ. ಆದರೂ ಬರೆಯಬೇಕು ಅನಿಸಿತು.

2024ರ ಜುಲೈ 16ರ ಬೆಳಿಗ್ಗೆ ನಮ್ಮ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿತ್ತು. ಚಹಾ ಅಂಗಡಿ, ನಿಂತ ಲಾರಿ ಎಲ್ಲ ಹೋಯಿತು. ಮಣ್ಣು ಹೊಳೆಗೆ ನುಗ್ಗಿದ ರಭಸಕ್ಕೆ ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಹೊಡೆಯಿತು. ಕೇರಳದ ಒಂದು ಲಾರಿ ಡ್ರೈವರನ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. 71 ದಿನ. ಸಿಗದೇ ಉಳಿದವರೂ ಇದ್ದಾರೆ. ಆ ದಿನಗಳಲ್ಲಿ ದಡದಲ್ಲಿ ನಿಂತವರನ್ನು ನಾನು ನೋಡಿದ್ದೇನೆ. ಮಳೆ ಸುರಿಯುತ್ತಿದ್ದರೂ ಹೊಳೆ ಕಡೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಮೇಣದಬತ್ತಿ ಹಚ್ಚಲು ಒಂದು ಸಮಾಧಿಯಾದರೂ ಬೇಕಲ್ಲ? ಅದೂ ಇಲ್ಲದವರಿಗೆ ನಿಮ್ಮಲ್ಲಿ ಏನು ಹೇಳುತ್ತಾರೆ?


ನಿವೃತ್ತ ಮಾಸ್ತರ, ಹೊನ್ನಾವರ
ಜೂನ್ 28, ಬೆಳಿಗ್ಗೆ 5:55

ಹೇಳುವುದು ಕಡಿಮೆ, ಸರ್. ಮಾಡುವುದು ಒಂದಿದೆ. ನಮ್ಮ ಸಿಮಿತ್ರಿಗಳ ನಡುವೆ ಒಂದು ದೊಡ್ಡ ಶಿಲುಬೆ ಇರುತ್ತದೆ. ಸತ್ತವರ ಹಬ್ಬದ ದಿನ ಅದರ ಬುಡದಲ್ಲಿ ಹಚ್ಚುವ ಬತ್ತಿಗಳು ಅಲ್ಲಿ ಹೂಳಿಲ್ಲದವರಿಗಾಗಿ. ದೂರದೂರಿನಲ್ಲಿ ಸತ್ತವರು, ಕಡಲಿಗೆ ಹೋಗಿ ಬಾರದವರು. ನಮ್ಮ ಕರಾವಳಿಯಲ್ಲಿ ಆ ಬುಡ ಯಾವತ್ತೂ ಖಾಲಿ ಇರುವುದಿಲ್ಲ. ನೀವೂ ಬಂದು ಹಚ್ಚಬಹುದು. ಯಾರೂ ಧರ್ಮ ಕೇಳುವುದಿಲ್ಲ.


ಅಘನಾಶಿನಿ, ಕುಮಟಾ
ಜೂನ್ 28, ಸಂಜೆ 7:30

ಬೋಟಿನ ಕೆಲಸ ಮಾಡಿದವನ ಒಂದು ಮಾತು. ನಾನು ಬೈಬಲ್ ಪಂಡಿತ ಅಲ್ಲ, ಆದಿತ್ಯವಾರದ ಪ್ರಸಂಗದಲ್ಲೂ ತೂಕಡಿಸುವವನು.

ಇಬ್ರಿಯರಿಗೆ ಬರೆದ ಪತ್ರದಲ್ಲಿ ಭರವಸೆಗೆ ಲಂಗರಿನ ಹೋಲಿಕೆ ಇದೆ, ಆರನೇ ಅಧ್ಯಾಯ. ಅದನ್ನು ಕೇಳಿದಾಗೆಲ್ಲ ದಡದ ಮೇಲಿನ ಜನ ಏನು ಅಂದುಕೊಳ್ಳುತ್ತಾರೆ ಅಂದರೆ, ಲಂಗರು ಹಾಕಿದ ಬೋಟು ಅಲುಗಾಡದೆ ನಿಂತಿರುತ್ತದೆ ಅಂತ. ಸುಳ್ಳು. ಗಾಳಿ ಎದ್ದಾಗ ಲಂಗರು ಹಾಕಿದ ಬೋಟು ಕುಣಿದಷ್ಟು ಬೇರೆ ಯಾವುದೂ ಕುಣಿಯುವುದಿಲ್ಲ. ಹಗ್ಗ ಬಿಗಿದು ಕಿರ್ ಕಿರ್ ಅನ್ನುತ್ತಲೇ ಇರುತ್ತದೆ. ಒಳಗೆ ಮಲಗಿದವನಿಗೆ ನಿದ್ದೆ ಬರುವುದಿಲ್ಲ. ಆದರೆ ತಾಂಡೇಲ ಆ ಸದ್ದಿಗೆ ಹೆದರುವುದಿಲ್ಲ. ಹಗ್ಗ ಸಡಿಲ ಆದರೆ ಹೆದರುತ್ತಾನೆ. ಸಡಿಲ ಅಂದರೆ ಲಂಗರು ಕಚ್ಚಿಲ್ಲ, ಬೋಟು ತೇಲಿ ಹೋಗುತ್ತಿದೆ. ಅಕ್ಕಾ, ನಿಮ್ಮ ಯಜಮಾನರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ನಿಮ್ಮ ಸಿಟ್ಟು ಹಗ್ಗ ಬಿಗಿದ ಸದ್ದು ಅಂತ ನನಗೆ ಅನಿಸುತ್ತದೆ.

ಇನ್ನೊಂದು. ಕೊಂಕಣಿಯಲ್ಲಿ ನಾಂಗರ್ ಅಂದರೆ ಲಂಗರೂ ಹೌದು, ನೇಗಿಲೂ ಹೌದು. ಯಾಕೋಬನ ಪತ್ರದಲ್ಲಿ ತಾಳ್ಮೆಗೆ ಕೊಟ್ಟ ಉದಾಹರಣೆ ಮಳೆಗೆ ಕಾಯುವ ರೈತ. ಎರಡೂ ಒಂದೇ ಶಬ್ದದಲ್ಲಿ ಬಂತಲ್ಲ ಅಂತ ನಾನು ಸುಮ್ನೆ ಖುಷಿಪಟ್ಟಿದ್ದೆ.


ಹಳಿಯಾಳದ ಹುಡುಗ
ಜೂನ್ 30, ರಾತ್ರಿ 9:50

ಮೇಲಿನ ಲಂಗರಿನ ಮಾತು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡೆ.

ನಾವು ಸಿದ್ದಿಗಳು. ನಮ್ಮಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ನಮ್ಮ ಮನೆ ಕ್ರೈಸ್ತರದ್ದು. ನಮಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅಲ್ಲಿಯವರೆಗೆ ನನ್ನ ಅಜ್ಜಿ ತಾಳ್ಮೆಯಿಂದ ಇದ್ದರು ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಅಜ್ಜಿ ಮನೆಯಲ್ಲಿ ಕೂತವರೇ ಅಲ್ಲ. ರೇಶನ್ ಕಾರ್ಡಿಗೆ, ಜಾಗದ ಕಾಗದಕ್ಕೆ, ಅಜ್ಜನ ಪಿಂಚಣಿಗೆ ಕಾಡಿನಿಂದ ನಡೆದು ಬರುತ್ತಿದ್ದರು. ನಾಳೆ ಬಾ ಅಂದರೆ ನಾಳೆಯೂ ಹೋಗುತ್ತಿದ್ದರು. ಲೂಕ 18ರಲ್ಲಿ ನ್ಯಾಯಾಧಿಪತಿಯ ಬೆನ್ನು ಬಿಡದ ವಿಧವೆಯ ಕಥೆ ಇದೆಯಲ್ಲ, ಅದು ಅಜ್ಜಿಗೆ ಬಾಯಿಪಾಠ. “ಅವಳು ನನ್ನ ಹಾಗೆ” ಅನ್ನುತ್ತಿರಲಿಲ್ಲ, “ನಾನು ಅವಳ ಹಾಗೆ” ಅಂತಲೂ ಅನ್ನುತ್ತಿರಲಿಲ್ಲ. “ನಾವಿಬ್ಬರು” ಅನ್ನುತ್ತಿದ್ದರು.

ಅಕ್ಕಾ, ವಿಧವಾ ವೇತನಕ್ಕೆ ಅರ್ಜಿ ಹಾಕಿದ್ದೀರಾ? ಕೇಳಿದ್ದಕ್ಕೆ ಬೇಸರ ಬೇಡ. ದುಃಖದ ಜೊತೆ ಸಾಲವೂ ಇರುತ್ತದೆ ಅಂತ ನಮ್ಮ ಮನೆಯಲ್ಲಿ ನೋಡಿದ್ದೇನೆ.


ಬೈತಕೋಲದವಳು
ಜುಲೈ 1, ರಾತ್ರಿ 10:30

ಹಾಕಿದ್ದೆ ತಮ್ಮಾ. ಒಂದು ಕಾಗದ ಕಡಿಮೆ ಅಂತ ವಾಪಸ್ ಬಂತು. ಮತ್ತೆ ಹೋಗಲು ಮನಸ್ಸಾಗಿರಲಿಲ್ಲ. ಅಲ್ಲಿ ಹೋಗಿ ಬಾಯಿಬಿಟ್ಟು ‘ವಿಧವೆ’ ಅಂತ ಹೇಳಬೇಕಲ್ಲ, ಅದಕ್ಕೇ. ಸಾಲ ಇದೆ, ಬಲೆಗೆ ತೆಗೆದದ್ದು. ಮೈದುನ ನೋಡಿಕೊಳ್ಳುತ್ತಿದ್ದಾನೆ, ಎಷ್ಟು ದಿನ ಅಂತ.

ಬರುವ ವಾರ ಹೋಗುತ್ತೇನೆ. ನಿಮ್ಮ ಅಜ್ಜಿಯನ್ನು ನೆನಸಿಕೊಂಡು ಹೋಗುತ್ತೇನೆ.


ಘಟ್ಟದ ಮೇಲಿನವ, ಶಿರಸಿ
ಜುಲೈ 4, ಮಧ್ಯಾಹ್ನ 1:05

ತಡವಾಗಿ ಬಂದೆ. ಇಲ್ಲಿ ನಾಲ್ಕು ದಿನದಿಂದ ಕರೆಂಟಿಲ್ಲ, ಮಳೆ.

ನಾನು ಪ್ರಾಟೆಸ್ಟೆಂಟ್. ನಾವು ಓದಿ ಬೆಳೆದ ಕನ್ನಡ ಬೈಬಲಿನಲ್ಲಿ ಭರವಸೆಗೆ ಹೆಚ್ಚಾಗಿ ಬಳಸುವ ಶಬ್ದ “ನಿರೀಕ್ಷೆ”. ಅಂದರೆ ಎದುರು ನೋಡುವುದು. ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಮೊದಲು ಕಷ್ಟ, ಆಮೇಲೆ ಸಹನೆ, ಕೊನೆಯಲ್ಲಿ ನಿರೀಕ್ಷೆ. ಅದನ್ನು ಮೆಟ್ಟಿಲು ಅಂತ ಅಂದುಕೊಂಡು ನಾವು ಕೆಡುತ್ತೇವೆ. ಇಷ್ಟು ತಿಂಗಳಿಗೆ ಇಷ್ಟು ಮೆಟ್ಟಿಲು ಹತ್ತಬೇಕು ಅನ್ನುವ ಹಾಗೆ.

ಕಿಟೆಲರ ನಿಘಂಟು ಎಲ್ಲರಿಗೂ ಗೊತ್ತು, 1894. ಆ ಮನುಷ್ಯ ಮಡದಿಯನ್ನು ಕಳೆದುಕೊಂಡದ್ದು 1864ರಲ್ಲಿ, ಮದುವೆಯಾಗಿ ನಾಲ್ಕೇ ವರ್ಷಕ್ಕೆ. ನಡುವೆ ಮೂವತ್ತು ವರ್ಷ. ಆ ಮೂವತ್ತು ವರ್ಷ ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಿಘಂಟು ಹೇಳುವುದಿಲ್ಲ. ಒಂದು ಶಬ್ದ ಆದ ಮೇಲೆ ಇನ್ನೊಂದು ಶಬ್ದ, ಅಷ್ಟೇ ಕಾಣುವುದು. ನನ್ನ ತಾಯಿ ಹೋದ ವರ್ಷ ನನಗೆ ಪ್ರಸಂಗಗಳಿಗಿಂತ ಈ ವಿಷಯ ಜಾಸ್ತಿ ಆಸರೆ ಕೊಟ್ಟಿತು. ಯಾಕೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ.


ಜಯವಿದೆ
ಜುಲೈ 5, ರಾತ್ರಿ 12:20

ಮೊದಲ ದಿನ ಬರೆದವನು ನಾನೇ. ಹತ್ತು ದಿನದಿಂದ ದಿನಾ ಬಂದು ಓದಿ ಹೋಗುತ್ತಿದ್ದೇನೆ.

ನನ್ನ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ನನಗೂ ಇದೇ ಹೇಳಿದ್ದರು. ಎಲ್ಲ ಒಳ್ಳೆಯದಕ್ಕೆ, ಅಳಬಾರದು, ಸ್ತೋತ್ರ ಮಾಡು ಅಂತ. ಮಾಡಿದೆ. ಒಂಬತ್ತು ವರ್ಷ ಆಯಿತು, ಅವನ ಹೆಸರು ಹಿಡಿದು ಒಮ್ಮೆಯೂ ಅತ್ತಿಲ್ಲ. ಯೋಹಾನ 11 ಎಷ್ಟು ಸಲ ಪ್ರಸಂಗ ಕೇಳಿದ್ದೇನೋ. ಯೇಸು ಸತ್ತ ಲಾಜರನನ್ನು ಎಬ್ಬಿಸಿದ ಕಥೆ. ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಸಮಾಧಿಯ ಹತ್ತಿರ ಅತ್ತದ್ದು ಮೊನ್ನೆ ಓದುವಾಗ ಮೊದಲ ಸಲ ಕಣ್ಣಿಗೆ ಬಿತ್ತು.

ಅಕ್ಕಾ, ತಪ್ಪಾಯಿತು.


ಬೈತಕೋಲದವಳು
ಜುಲೈ 5, ಬೆಳಿಗ್ಗೆ 3:31

ತಪ್ಪೇನಿಲ್ಲ ಅಣ್ಣಾ. ತಮ್ಮನ ಹೆಸರೇನು? ವರ್ಷದ ಪೂಜೆಗೆ ನಮ್ಮವರ ಹೆಸರಿನ ಜೊತೆ ಹೇಳಿಸುತ್ತೇನೆ. ಇಲ್ಲಿ ಬರೆಯುವುದು ಬೇಡ, ಖಾಸಗಿ ಮೆಸೇಜ್ ಹಾಕಿ.


ನರ್ಸ್, ಮಡಗಾಂವ್
ಜುಲೈ 5, ಬೆಳಿಗ್ಗೆ 7:00

ಅಕ್ಕಾ, 3:31ಕ್ಕೆ ಬರೆದಿದ್ದೀರಿ. ಮಾತ್ರೆ?


ಬೈತಕೋಲದವಳು
ಜುಲೈ 5, ಬೆಳಿಗ್ಗೆ 7:42

ತಗೊಂಡೆ ಮಾರಾಯ್ತಿ, ತಗೊಂಡೆ.


ಬೈತಕೋಲದವಳು
ಆಗಸ್ಟ್ 1, ಬೆಳಿಗ್ಗೆ 8:15

ಎಲ್ಲರಿಗೂ. ತುಂಬ ದಿನ ಬರಲಿಲ್ಲ. ವೇತನದ ಅರ್ಜಿ ಮೂರನೇ ಸಲಕ್ಕೆ ತೆಗೆದುಕೊಂಡರು, ದುಡ್ಡು ಯಾವಾಗಲೋ. ಬಿಪಿ ಸ್ವಲ್ಪ ಇಳಿದಿದೆ.

ಇವತ್ತು ಬಂದ್ ಮುಗಿಯಿತು. ನಿನ್ನೆಯಿಂದ ಬಂದರಿನಲ್ಲಿ ಐಸ್ ತುಂಬುವ ಗದ್ದಲ, ಡೀಸೆಲ್ ವಾಸನೆ ಮನೆವರೆಗೆ. ಇವತ್ತಿನ ದಿನಕ್ಕೆ ನಾನು ತಿಂಗಳಿಂದ ಹೆದರಿದ್ದೆ. ಮೂರೂಕಾಲಿಗೆ ಅಲಾರಾಂ ಹೊಡೆಯಿತು. ಹೊರಗೆ ನಿಜವಾಗಿಯೂ ಬೋಟುಗಳ ಇಂಜಿನ್ ಶುರುವಾದ ಸದ್ದು. ಪಕ್ಕಕ್ಕೆ ನೋಡಿದೆ. ಆಮೇಲೆ ಎದ್ದು ಅಡುಗೆಮನೆಯ ಲೈಟ್ ಹಾಕಿ ಮಾಸ್ತರರು ಹೇಳಿದ 88ನೇ ಕೀರ್ತನೆ ಓದಿದೆ. ಮಗ ಮಲಗಿದ್ದಾನೆ ಅಂದುಕೊಂಡು ಜೋರಾಗಿಯೇ ಓದಿದೆ, ಜಗಳದ ದನಿಯಲ್ಲೇ. ಮುಗಿಸಿ ಸುಮ್ಮನೆ ಕೂತಿದ್ದೆ.

ಒಳಗಿಂದ ಕೇಳಿದ, “ಮುಗಿಯಿತಾ? ಇದಕ್ಕೆ ಆಮೆನ್ ಇಲ್ವಾ?”

ಇಲ್ಲ ಅಂದೆ.

“ಮುಂದಿನ ಪುಟದಲ್ಲಿ ಇರಬೇಕು ನೋಡು” ಅಂದು ಮಗ್ಗಲು ಬದಲಿಸಿ ಮಲಗಿದ.

ಪುಟ ತಿರುಗಿಸಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಮೈದುನನ ಬೋಟಿನ ದೀಪ ಯಾವುದು ಅಂತ ಗೊತ್ತಾಗಲಿಲ್ಲ, ಎಲ್ಲ ಒಂದೇ ಥರ ಕಾಣುತ್ತಿತ್ತು. ಎಲ್ಲ ಹೋಗುವವರೆಗೂ ನಿಂತಿದ್ದೆ.

ವರ್ಷದ ಪೂಜೆ ನಾಡಿದ್ದು 3ಕ್ಕೆ, ಸಂಜೆ 5:30. ಕಾರವಾರದವರಿಗೆ ಚರ್ಚು ಗೊತ್ತೇ ಇದೆ, ಹೊರಗಿನವರು ಮೆಸೇಜ್ ಹಾಕಿ. ಆಮೇಲೆ ಸಿಮಿತ್ರಿಗೆ ಹೋಗುತ್ತೇವೆ. ಕೊಡೆ ತನ್ನಿ, ಗೇಟಿನ ಹತ್ತಿರ ನೀರು ನಿಲ್ಲುತ್ತದೆ.


ಅಘನಾಶಿನಿ, ಕುಮಟಾ
ಆಗಸ್ಟ್ 1, ಬೆಳಿಗ್ಗೆ 9:20

ನಾನು ಬರುತ್ತೇನೆ. ಅಂಕೋಲಾದವರು ಬರುವುದಾದರೆ ಹೇಳಿ, ಕಾರಿನಲ್ಲಿ ಜಾಗ ಇದೆ.


ಗಂಗಾವಳಿ ದಡ, ಅಂಕೋಲಾ
ಆಗಸ್ಟ್ 1, ಬೆಳಿಗ್ಗೆ 9:48

ಬರುತ್ತೇನೆ. ಕರಟ ನಾನು ತರುತ್ತೇನೆ.